ಮೊದಲ ಮಾತು ‘ಉಳಿಸು’

ಅರೆಕೆರೆಯ ನನ್ನ ಓಣಿಯ ಮಕ್ಕಳಿಗೆ, ಈಗಷ್ಟೇ ಕಾಲೇಜಿನ ಮೆಟ್ಟಿಲು ಹತ್ತಿರುವ ತರುಣ ತರುಣಿಯರಿಗೆ ಒಂದು ಕಿವಿಮಾತು.

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ನೀವು ಬಣ್ಣದ ಹಾಳೆಗಳ ಮೇಲೆ ‘ಉಳಿಸು, ಬೆಳೆಸು, ಬಳಸು’ ಎಂದು ದಪ್ಪಕ್ಷರದಲ್ಲಿ ಬರೆಯುತ್ತೀರಿ. ಅರೆಕೆರೆ ಗೇಟಿನಿಂದ ಮೈಕೋ ಲೇಔಟಿನ ಕಡೆಗೆ ಮೆರವಣಿಗೆ ಹೊರಟಾಗ ಅದನ್ನೇ ಕೂಗುತ್ತೀರಿ. ಕೇಳಿದಾಗ ನನ್ನ ಎದೆ ತುಂಬಿ ಬರುತ್ತದೆ. ಆ ಮೂರು ಮಾತು ನನ್ನ ಸೀಮೆಯದು. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ನೌಕರಿಗೆಂದು ಬೆಂಗಳೂರಿಗೆ ಬಂದು, ಬನ್ನೇರುಘಟ್ಟ ರಸ್ತೆಯ ಈ ಬದಿಯಲ್ಲಿ ಮನೆ ಮಾಡಿಕೊಂಡವನು ನಾನು. ಅದಕ್ಕೇ ಈ ಮಾತು ಎಲ್ಲಿಂದ ಬಂತು, ಯಾರು ಯಾವ ಸಂಕಟದಲ್ಲಿ ಹೇಳಿದರು ಎಂಬುದನ್ನು ನಿಮಗೆ ತಿಳಿಸಬೇಕೆಂದು ಬಹಳ ದಿನದಿಂದ ಅನಿಸುತ್ತಿದೆ. ಮೂಲ ಗೊತ್ತಿಲ್ಲದೆ ಘೋಷಣೆ ಕೂಗಿದರೆ ಅದು ಬರೀ ಸದ್ದಾಗುತ್ತದೆ. ಗೊತ್ತಿದ್ದು ಕೂಗಿದರೆ ಅದಕ್ಕೆ ತಕ್ಕ ಕೆಲಸ ಮಾಡಬೇಕಾದ ಹೊಣೆ ಹೆಗಲಿಗೇರುತ್ತದೆ.

1983ರ ಸೆಪ್ಟೆಂಬರ್ 8. ಉತ್ತರ ಕನ್ನಡದ ಶಿರಸಿ ತಾಲೂಕಿನ ಸಾಲ್ಕಣಿ. ಸೆಪ್ಟೆಂಬರ್ ಎಂದರೆ ನಮ್ಮ ಕಡೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಕಾಡಿನ ನೆಲ ಜಾರುತ್ತದೆ, ಕಾಲಿಗೆ ಉಂಬಳ ಹತ್ತುತ್ತದೆ. ಅಂಥ ದಿನ ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 160 ಜನ ಎಂಟು ಕಿಲೋಮೀಟರ್‌ನಷ್ಟು ನಡೆದು ಕಾಡು ಹೊಕ್ಕರು. ಅಲ್ಲಿ ಗುತ್ತಿಗೆದಾರರ ಕಡೆಯವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು ಮರ ಉರುಳಿಸುತ್ತಿದ್ದರು. ಬಂದ ಜನ ಜಗಳ ತೆಗೆಯಲಿಲ್ಲ, ಕೊಡಲಿ ಕಸಿಯಲಿಲ್ಲ. ಗುರುತು ಹಾಕಿದ ಮರಗಳನ್ನು ತೋಳು ಚಾಚಿ ತಬ್ಬಿ ನಿಂತರು. ಅಂದಿನಿಂದ 38 ದಿನ ಸರದಿಯ ಮೇಲೆ ಕಾಡು ಕಾದರು. ಕೊನೆಗೆ ಸರ್ಕಾರ ಕಡಿತದ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಹೋರಾಟಕ್ಕೆ ಬಂದ ಹೆಸರು ಅಪ್ಪಿಕೊ ಚಳವಳಿ. ‘ಉಳಿಸು, ಬೆಳೆಸು, ಬಳಸು’ ಎಂಬುದು ಅದರ ಘೋಷಣೆ.

ಇದನ್ನು ಹೊತ್ತಿಸಿದವರು ಯಾರು ಗೊತ್ತೇ? ನಿಮ್ಮಂಥ ಹುಡುಗರು. ಬಾಳೆಗದ್ದೆಯ ಲಕ್ಷ್ಮೀನರಸಿಂಹ ಯುವಕ ಮಂಡಳಿಯವರು. ಯುವಕ ಮಂಡಳಿ ಎಂದರೆ ನಮ್ಮ ಕಡೆ ಗಣಪತಿ ಹಬ್ಬ ಮಾಡುವುದು, ವಾಲಿಬಾಲ್ ಆಡುವುದು, ಯಕ್ಷಗಾನದ ಆಟ ಮಾಡಿಸುವುದು ಎಂದಷ್ಟೇ ಜನ ತಿಳಿದಿದ್ದ ಕಾಲ ಅದು. ಆ ಹುಡುಗರು ಮೊದಲು ಅರಣ್ಯ ಇಲಾಖೆಗೆ ಪತ್ರ ಬರೆದರು. ಪತ್ರದಿಂದ ಕಡಿತ ನಿಲ್ಲಲಿಲ್ಲ. ಆಗ ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣರನ್ನು ಕರೆಸಿಕೊಂಡರು. ಕಾಶ್ಮೀರದಿಂದ ಕೊಹಿಮಾದವರೆಗೆ 4,870 ಕಿಲೋಮೀಟರ್ ಪಾದಯಾತ್ರೆಯನ್ನು 1983ರಲ್ಲಷ್ಟೇ ಮುಗಿಸಿದ್ದ ಮನುಷ್ಯ ಅವರು. ಚಿಪ್ಕೊದಲ್ಲಿ ಅವರ ಜೊತೆ ಓಡಾಡಿ ಬಂದಿದ್ದ ಪಾಂಡುರಂಗ ಹೆಗಡೆಯವರು ಇಲ್ಲಿ ಊರೂರು ತಿರುಗಿ ಚಳವಳಿ ಕಟ್ಟಿದರು. ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಬೀದಿನಾಟಕ, ಯಕ್ಷಗಾನ ಎಲ್ಲದರ ಮೂಲಕವೂ ವಿಷಯ ಮನೆಮನೆ ಮುಟ್ಟಿತು. ಸಾಲ್ಕಣಿಯ ಬೆನ್ನಿಗೇ ಬೆಣಗಾಂವ್, ಹುಸ್ರಿ, ಸಿದ್ದಾಪುರ ತಾಲೂಕಿನ ನಿಡಗೋಡು ಎಂದು ಒಂದೊಂದೇ ಊರು ಎದ್ದಿತು.

ಅವರು ಹಾಗೇಕೆ ಎದ್ದರು ಎಂಬುದೇ ಮುಖ್ಯ. ಕಾಡಿನ ಚೆಲುವು ನೋಡಿ ಮರುಳಾಗಿ ಬಂದ ಪ್ರವಾಸಿಗಳಲ್ಲ ಅವರು. ಅಡಿಕೆ ತೋಟಕ್ಕೆ ನೀರು ಬರುವುದು ಕಾಡಿನ ಹಳ್ಳದಿಂದ, ಗೊಬ್ಬರಕ್ಕೆ ಸೊಪ್ಪು ಬರುವುದು ಬೆಟ್ಟದಿಂದ, ದನ ಮೇಯುವುದು ಅಲ್ಲೇ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂತು, ಪ್ಲೈವುಡ್ ಕಾರ್ಖಾನೆ ಬಂತು, ಕಾಳಿ ನದಿಗೆ ಅಣೆಕಟ್ಟುಗಳು ಬಂದವು. ಬಿದಿರು ಒಂದಕ್ಕೆ, ಮೆದುಮರ ಇನ್ನೊಂದಕ್ಕೆ, ತಗ್ಗಿನ ಕಾಡು ನೀರಿನಡಿಗೆ. ಉಳಿದ ಕಡೆ ನೂರಾರು ಜಾತಿಯ ಮರಗಳಿದ್ದ ಕಾಡನ್ನು ಬೋಳಿಸಿ ತೇಗ ಒಂದನ್ನೇ ಸಾಲಾಗಿ ನೆಟ್ಟರು. 1950ರಲ್ಲಿ ಜಿಲ್ಲೆಯ ಶೇ 81ರಷ್ಟಿದ್ದ ಕಾಡು 1980ರ ಹೊತ್ತಿಗೆ ಶೇ 24ಕ್ಕೆ ಇಳಿದಿದೆ ಎಂಬುದು ಚಳವಳಿಯವರು ಮುಂದಿಡುತ್ತಿದ್ದ ಲೆಕ್ಕ. ತೇಗದ ತೋಪಿನಲ್ಲಿ ದನಕ್ಕೆ ಮೇವಿಲ್ಲ, ತೋಟಕ್ಕೆ ಸೊಪ್ಪಿಲ್ಲ, ಬೇಸಿಗೆಯಲ್ಲಿ ಹಳ್ಳದಲ್ಲಿ ನೀರಿಲ್ಲ ಎಂದು ರೈತರು ತಮ್ಮ ಕಣ್ಣಿನಿಂದ ಕಂಡಿದ್ದರು. ಲೆಕ್ಕದ ಪುಸ್ತಕದಲ್ಲಿ ಅದೂ ಕಾಡೇ. ಅವರ ಪಾಲಿಗೆ ಕಾಡು ಸತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ದಾರಿ ಹಿಮಾಲಯಕ್ಕೆ ಏರುತ್ತದೆ. 1973ರ ಏಪ್ರಿಲ್‌ನಲ್ಲಿ ಚಮೋಲಿ ಜಿಲ್ಲೆಯ ಮಂಡಲ್ ಎಂಬ ಹಳ್ಳಿಯಲ್ಲಿ ಚಿಪ್ಕೊ ಶುರುವಾಯಿತು. ನೊಗ, ನೇಗಿಲು ಮಾಡಿಕೊಳ್ಳಲು ಕೆಲವು ಮರ ಕೊಡಿ ಎಂದು ಹಳ್ಳಿಯ ಸಂಘದವರು ಕೇಳಿದ್ದರು. ಚಂಡೀಪ್ರಸಾದ್ ಭಟ್ಟರು ಕಟ್ಟಿದ ಸಂಘ ಅದು. ಅವರಿಗೆ ಇಲ್ಲವೆಂದ ಇಲಾಖೆ ಅದೇ ಜಾತಿಯ ಮರಗಳನ್ನು ಆಟದ ಸಾಮಾನು ತಯಾರಿಸುವ ಅಲಹಾಬಾದಿನ ಕಂಪನಿಗೆ ಕೊಟ್ಟಿತು. ಮರುವರ್ಷ ರೇಣಿ ಗ್ರಾಮದಲ್ಲಿ ಗಂಡಸರು ಊರಲ್ಲಿಲ್ಲದ ದಿನ ನೋಡಿ ಕಡಿಯುವವರು ಬಂದಾಗ ಗೌರಾದೇವಿ ಎಂಬ ತಾಯಿ ಹೆಂಗಸರನ್ನು ಕಟ್ಟಿಕೊಂಡು ಅಡ್ಡ ನಿಂತಳು. ಅದಕ್ಕೂ ಮುಂಚೆ, 1730ರಲ್ಲಿ, ರಾಜಸ್ಥಾನದ ಖೇಜಡ್ಲಿಯಲ್ಲಿ ಅಮೃತಾದೇವಿಯ ಹಿಂದೆ 363 ಬಿಷ್ಣೋಯಿಗಳು ಮರಕ್ಕಾಗಿ ತಲೆ ಕೊಟ್ಟರು ಎಂಬ ಕಥೆಯನ್ನು ಆ ಸಮುದಾಯ ಇಂದಿಗೂ ಎದೆಯಲ್ಲಿಟ್ಟುಕೊಂಡಿದೆ. ಇವರಲ್ಲಿ ಯಾರೂ ಕಾಡಿಗೆ ಹೊರಗಿನವರಲ್ಲ. ಮರ ಹೋದರೆ ಮೊದಲು ಕೆಡುವುದು ತಮ್ಮ ಒಲೆ, ತಮ್ಮ ಹೊಲ, ತಮ್ಮ ಕೊಟ್ಟಿಗೆ ಎಂದು ಬಲ್ಲವರು.

ಈಗ ಆ ಮೂರು ಮಾತನ್ನು ಒಂದೊಂದಾಗಿ ನೋಡೋಣ. ಅವು ಕಿವಿಗೆ ಇಂಪಾಗಲೆಂದು ಜೋಡಿಸಿದ ಪ್ರಾಸವೆಂದು ಭಾವಿಸಬೇಡಿ. ಮಾಡಬೇಕಾದ ಕೆಲಸದ ಅನುಕ್ರಮ ಅದು.

ಉಳಿಸು ಎಂದರೆ ನಿಂತಿರುವ ಕಾಡನ್ನು ಮೊದಲು ಉಳಿಸಿಕೊಳ್ಳುವುದು. ಅಪ್ಪಿಕೊದ ಹೋರಾಟದ ಫಲವಾಗಿ ಪಶ್ಚಿಮ ಘಟ್ಟದ ಸಹಜ ಕಾಡುಗಳಲ್ಲಿ ಹಸಿ ಮರ ಕಡಿಯುವುದನ್ನು ಸರ್ಕಾರ ನಿಲ್ಲಿಸಬೇಕಾಯಿತು. ಒಣಗಿದ, ಬಿದ್ದ ಮರಗಳಷ್ಟೇ ಸ್ಥಳೀಯರ ಉಪಯೋಗಕ್ಕೆ ಎಂದಾಯಿತು. ಇದು ಸಣ್ಣ ಗೆಲುವಲ್ಲ.

ಬೆಳೆಸು ಎಂಬುದು ಆಮೇಲಿನ ಕೆಲಸ. ಬೋಳಾದ ಕಡೆ ಮತ್ತೆ ಹಸಿರು ಬರಿಸುವುದು. ಶಿರಸಿ ಸೀಮೆಯಲ್ಲಿ ಯುವಕ ಮಂಡಳಿಗಳು, ಮನೆಮನೆಯವರು ತಮ್ಮ ಅಂಗಳದ ಮೂಲೆಯಲ್ಲೇ ಸಸಿಮಡಿ ಮಾಡಿ ಲಕ್ಷಗಟ್ಟಲೆ ಗಿಡ ಎಬ್ಬಿಸಿದರು. ಯಾವ ಗಿಡ ಬೇಕೆಂಬುದನ್ನು ಅವರೇ ತೀರ್ಮಾನಿಸಿದರು. ಸೊಪ್ಪಿನದು, ಹಣ್ಣಿನದು, ಮೇವಿನದು, ಮನೆಕಟ್ಟಿಗೆಯದು.

ಮೂರನೆಯದಾದ ಬಳಸು ಎಂಬುದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ನಗರದ ಪರಿಸರ ಮಾತಿನಲ್ಲಿ ಅದೇ ಕಳೆದುಹೋಗಿದೆ. ಚಾರ್ಟ್ ಹಾಳೆಗಳಲ್ಲೂ ಎಷ್ಟೋ ಸಲ ‘ಉಳಿಸಿ, ಬೆಳೆಸಿ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿರುತ್ತೀರಿ.

ನಮ್ಮ ಕಡೆ ಅಡಿಕೆ ತೋಟಕ್ಕೆ ಸೇರಿದಂತೆ ಸೊಪ್ಪಿನ ಬೆಟ್ಟ ಎಂದಿರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟದವನದು. ನಾನು ಹುಡುಗನಾಗಿದ್ದಾಗ ಸೊಪ್ಪು ಕಡಿಯುವವರ ಹಿಂದೆ ಬೆಟ್ಟಕ್ಕೆ ಹೋಗುತ್ತಿದ್ದೆ. ಆ ಹಿರಿಯರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮರ ಏರುವರು. ಅಡ್ಡ ಕೊಂಬೆಗಳ ಸೊಪ್ಪು ಸವರುತ್ತಾ ಮೇಲೆ ಮೇಲೆ ಹೋಗುವರು. ತುದಿಯ ಕುಡಿಯ ಹತ್ತಿರ ಬಂದಾಗ ಕೈ ತಾನಾಗಿ ನಿಲ್ಲುತ್ತಿತ್ತು. ಕುಡಿ ಕಡಿದರೆ ಮರ ಮೇಲೇಳುವುದಿಲ್ಲ, ಮುಂದಿನ ಸಲಕ್ಕೆ ಸೊಪ್ಪಿಲ್ಲ. ಈ ವರ್ಷ ಸವರಿದ ಮರಕ್ಕೆ ಮರುವರ್ಷ ಬಿಡುವು. ಬಿದ್ದ ಸೊಪ್ಪನ್ನು ಹೊರೆ ಕಟ್ಟಿ ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುವರು. ಬೇಸಿಗೆಯಾದರೆ ಅದೇ ಬೆಟ್ಟದಿಂದ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುವರು. ಅದೆಲ್ಲ ಸಗಣಿಯೊಂದಿಗೆ ಬೆರೆತು ಗೊಬ್ಬರವಾಗಿ ತೋಟಕ್ಕೆ ಹೋಗುವುದು. ಬೆಟ್ಟ ಚೆನ್ನಾಗಿಟ್ಟುಕೊಂಡ ಮನೆಯ ತೋಟ ಯಾವುದು, ಬೆಟ್ಟ ಬೋಳಿಸಿದ ಮನೆಯ ತೋಟ ಯಾವುದು ಎಂದು ದಾರಿಯಲ್ಲಿ ಹೋಗುವವರಿಗೇ ತಿಳಿಯುತ್ತಿತ್ತು. ಬೆಟ್ಟವನ್ನು ಹಾಳು ಮಾಡಿಕೊಂಡವರೂ ನಮ್ಮಲ್ಲಿ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಅಪ್ಪಿಕೊ ಆ ತಪ್ಪನ್ನೂ ಎತ್ತಿ ಆಡಿತು. ಸರ್ಕಾರಕ್ಕೆ ಬುದ್ಧಿ ಹೇಳುವವರು ತಮ್ಮ ಮನೆಯ ಬೆಟ್ಟವನ್ನೂ ನೆಟ್ಟಗೆ ಇಟ್ಟುಕೊಳ್ಳಬೇಕು ಎಂದಿತು. ನನಗೆ ಆ ಚಳವಳಿಯ ಮೇಲೆ ಗೌರವ ಹುಟ್ಟಿದ್ದು ಅದರಿಂದಲೇ.

ಬಳಸುವುದನ್ನು ಕಡಿಮೆ ಮಾಡುವ ಕೆಲಸವೂ ಜೊತೆಗೇ ನಡೆಯಿತು. ಕಟ್ಟಿಗೆ ಕಡಿಮೆ ಬೇಡುವ ಒಲೆಗಳನ್ನು ಕಾರ್ಯಕರ್ತರು ಮನೆಮನೆಯಲ್ಲಿ ಹಾಕಿಕೊಟ್ಟರು. ಸುಮಾರು ಶೇ 40ರಷ್ಟು ಕಟ್ಟಿಗೆ ಉಳಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಗೋಬರ್ ಗ್ಯಾಸ್ ಹಾಕಿಸಿದ ಮನೆಯವರಂತೂ ಕಾಡಿನಿಂದ ಕಟ್ಟಿಗೆ ತರುವುದನ್ನೇ ಬಿಟ್ಟರು. ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅಸ್ತ್ರ ಒಲೆ ಹಳ್ಳಿಗಳಿಗೆ ಹೋಯಿತು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದ ಕೆಲಸವದು. ಒಂದೇ ಉರಿಯಲ್ಲಿ ಮೂರು ಪಾತ್ರೆ ಬೇಯಬೇಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು, ಅಡುಗೆ ಮನೆಯ ತಾಯಿಯ ಕಣ್ಣು ಉರಿಯಬಾರದು. ವಿಜ್ಞಾನ ಓದುವ ನೀವು ಇದನ್ನು ನೆನಪಿಡಬೇಕು. ಒಲೆಯ ಬಾಯಿಯ ಅಳತೆ ಸರಿಮಾಡಿ ಕಾಡು ಉಳಿಸಿದ ಇಂಜಿನಿಯರುಗಳು ಈ ಊರಿನಲ್ಲೇ ಇದ್ದರು.

ಗಿಡ ನೆಡುವುದೆಲ್ಲ ಒಳ್ಳೆಯದೇ ಎಂಬ ನಂಬಿಕೆಯೂ ಸರಿಯಲ್ಲ. ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಪಾಠವಿದೆ. ಹಳ್ಳಿಗಳ ಗೋಮಾಳ, ಸಿ ಮತ್ತು ಡಿ ದರ್ಜೆ ಎಂದು ಗುರುತಿಸಿದ ಸರ್ಕಾರಿ ಪಾಳು ಜಮೀನು ಸೇರಿಸಿ ಸುಮಾರು 75,000 ಎಕರೆಯನ್ನು ನೀಲಗಿರಿ ಬೆಳೆಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಗೆ ವಹಿಸಲಾಯಿತು. ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯವರೂ ಕೂಡಿ ಕಟ್ಟಿದ ಕಂಪನಿ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮತ್ತು ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಜನಕ್ಕೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರು ಮುಂದೆ ನಿಂತರು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಮುಚ್ಚಿತು. ಯಾರ ನೆಲ, ಯಾವ ಗಿಡ, ಯಾರಿಗಾಗಿ ಎಂಬ ಮೂರು ಪ್ರಶ್ನೆ ಕೇಳದೆ ಹಾರೆ ಹಿಡಿಯಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ನಮ್ಮ ಬೀದಿಗೆ ಬರೋಣ.

ಬೆಂಗಳೂರಿಗರು ಮರಕ್ಕಾಗಿ ನಿಂತದ್ದೇ ಇಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. 2005ರಲ್ಲಿ ರಸ್ತೆ ಅಗಲೀಕರಣಕ್ಕೆ ಮರ ಉರುಳತೊಡಗಿದಾಗ ‘ಹಸಿರು ಉಸಿರು’ ಬಳಗ ಹುಟ್ಟಿತು. 2009ರಲ್ಲಿ ಮೆಟ್ರೊಗಾಗಿ ಲಾಲ್‌ಬಾಗಿನ ಗೋಡೆ ಒಡೆದಾಗ, ಜಯನಗರದ ನಂದಾ ರಸ್ತೆಯ ಮರಗಳಿಗೆ ಕುತ್ತು ಬಂದಾಗ ಜನ ಬೀದಿಗಿಳಿದರು. ಅಲ್ಲಿ ಎಷ್ಟೋ ಮರ ಉಳಿಯಲಿಲ್ಲ. 2016ರ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡವೆಂದು ಸಾವಿರಾರು ಜನ ಕೈಕೈ ಹಿಡಿದು ನಿಂತರು. 812 ಮರಗಳು ಹೋಗಲಿದ್ದವು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸಾಲ್ಕಣಿಯ ಉಪಾಯ ನಗರದಲ್ಲೂ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಇದು ಸಾಕು.

ಆದರೆ ದಿನನಿತ್ಯದ ಬದುಕಿನಲ್ಲಿ ನಾವು ಆ ಅನುಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ನಡುವಿನ ಮಾತಿನಿಂದ ಶುರು ಮಾಡುತ್ತೇವೆ. ಒಂದು ಮರ ಹೋದರೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತನ್ನು ಎಲ್ಲರೂ ಒಪ್ಪಿಬಿಡುತ್ತಾರೆ. ಮೂವತ್ತು ವರ್ಷದ ಹೊಂಗೆ ಮರದ ಕೆಳಗೆ ನಿಂತು ನೋಡಿ. ಯುಗಾದಿ ಆಸುಪಾಸಿನಲ್ಲಿ ಅದು ಹೂ ಬಿಟ್ಟಾಗ ಜೇನುನೊಣಗಳ ಗುಂಯ್‌ಗುಡುವಿಕೆ ರಸ್ತೆಯ ಸದ್ದಿನ ನಡುವೆಯೂ ಕೇಳುತ್ತದೆ. ಏಪ್ರಿಲ್ ಮಧ್ಯಾಹ್ನ ಅದರ ನೆರಳಲ್ಲಿ ಎಳನೀರಿನವನು, ಇಸ್ತ್ರಿಯವನು, ಆಟೋದವನು ಮೂವರೂ ನಿಲ್ಲುತ್ತಾರೆ. ಆ ನೆರಳು ಹೋದರೆ, ಎಲ್ಲೋ ಊರಾಚೆ ನೆಟ್ಟ ಹತ್ತು ಸಸಿ ಅವರಿಗೆ ಏನು ಮಾಡೀತು? ಸಸಿ ನೆಡುವುದು ಬೇಡವೆನ್ನುತ್ತಿಲ್ಲ. ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕನನ್ನು ನೆನೆಯಿರಿ. ಆ ಅಜ್ಜಿ ದೊಡ್ಡವಳಾದದ್ದು ಗಿಡ ನೆಟ್ಟ ದಿನದಿಂದಲ್ಲ. ಗಂಡ ಹೆಂಡತಿ ಇಬ್ಬರೂ ಕೊಡದಲ್ಲಿ ನೀರು ಹೊತ್ತ, ದನಕ್ಕೆ ಸಿಗದಂತೆ ಮುಳ್ಳು ಕಟ್ಟಿದ ವರ್ಷಗಳಿಂದ.

ಕೆರೆಗಳ ವಿಷಯವೂ ಬೇರೆಯಲ್ಲ. 2019ರ ನವೆಂಬರ್ 24ರ ಭಾನುವಾರ ಪಕ್ಕದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೇ ಜೆ.ಪಿ. ನಗರದ ಪುಟ್ಟೇನಹಳ್ಳಿಗೆ ಹೋಗಿ ನೋಡಿ. ಅಲ್ಲಿಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು, ಬತ್ತುತ್ತಿದ್ದ ಕೆರೆಯನ್ನು ಉಳಿಸಿಕೊಂಡರು. ವಿಜಯನಗರದ ಮಂತ್ರಿ ಲಕ್ಷ್ಮೀಧರಾಮಾತ್ಯನ ಶಾಸನವನ್ನು ನಿಮ್ಮ ಕನ್ನಡ ಮೇಷ್ಟ್ರು ಪಾಠ ಮಾಡಿರಬೇಕು. ಕೆರೆ ಕಟ್ಟಿಸು ಎಂದು ಮೊದಲ್ಗೊಂಡು ಮಗುವಿಗೆ ಹಾಲೂಡಿಸುವಾಗಲೇ ತಾಯಿ ಕಿವಿಯಲ್ಲಿ ಹೇಳಿದ ಮಾತುಗಳನ್ನು ಅವನು ಕಲ್ಲಿನಲ್ಲಿ ಬರೆಸಿದ. ಕಟ್ಟಿಸಿದವರ ಕಾಲ ಮುಗಿದಿದೆ. ನಮ್ಮ ಪಾಲಿಗೆ ಬಂದಿರುವುದು ಕಟ್ಟಿದ್ದನ್ನು ಕಾಯುವ ಕೆಲಸ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇದು. ಮುಂದಿನ ಮೆರವಣಿಗೆಗೆ ಮುಂಚೆ ನಿಮ್ಮ ನಿಮ್ಮ ಅಡ್ಡರಸ್ತೆಯ ಮರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾವ ಮರ, ಯಾವ ಮನೆಯ ಮುಂದೆ, ಎದೆಯೆತ್ತರದಲ್ಲಿ ಸುತ್ತಳತೆ ಎಷ್ಟು. ದರ್ಜಿಯ ಟೇಪು ಸಾಕು. ಬುಡದವರೆಗೂ ಕಾಂಕ್ರೀಟ್ ಸುರಿದಿದ್ದರೆ ಗುರುತು ಮಾಡಿ. ಬೇರಿಗೆ ಮಳೆನೀರು, ಗಾಳಿ ಸಿಗದ ಮರವೇ ಮೇ ತಿಂಗಳ ಗಾಳಿಮಳೆಗೆ ಕಾರಿನ ಮೇಲೆ ಬೀಳುವುದು. ಬಿದ್ದ ಮೇಲೆ ಎಲ್ಲರೂ ಮರವನ್ನೇ ದೂರುತ್ತಾರೆ. ಕಾಂಡಕ್ಕೆ ಹೊಡೆದ ಪಿಜಿ ಬೋರ್ಡಿನ ಮೊಳೆ, ಬಿಗಿದ ಕೇಬಲ್, ಬುಡದಲ್ಲಿ ಸುಡುವ ಕಸ, ಇವನ್ನೂ ಬರೆದಿಡಿ. ಮೊಳೆ ಕೀಳುವುದಕ್ಕೆ ಒಂದು ಇಕ್ಕಳ, ಎರಡು ಗಂಟೆ ಬಿಡುವು ಇದ್ದರಾಯಿತು.

ಕಾನೂನನ್ನೂ ಓದಿಕೊಳ್ಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಕೆಲವು ಜಾತಿಗಳನ್ನು ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ, ಸ್ವಂತ ಕಾಂಪೌಂಡಿನೊಳಗಿದ್ದರೂ. ಐವತ್ತಕ್ಕಿಂತ ಹೆಚ್ಚು ಮರ ಹೋಗುವಂಥ ಸಾರ್ವಜನಿಕ ಕಾಮಗಾರಿಯಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆಯನ್ನು ಓದುವವರು ಬೇಕು, ಹತ್ತು ಸಾಲಿನ ಅರ್ಜಿ ಕನ್ನಡದಲ್ಲಿ ನೀಟಾಗಿ ಬರೆದು ಕೊಟ್ಟು ಸ್ವೀಕೃತಿ ಪಡೆಯುವವರು ಬೇಕು. ಕೊಡಲಿ ಬಂದ ದಿನ ಕೂಗಾಡುವುದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಬಾಳೆಗದ್ದೆಯ ಹುಡುಗರು ಸಹ ಮೊದಲು ಪತ್ರವನ್ನೇ ಬರೆದಿದ್ದರು ಎಂಬುದನ್ನು ಮರೆಯಬೇಡಿ. ಅಷ್ಟಾದ ಮೇಲೂ ಕೇಳದಿದ್ದರೆ ಮರದ ಬುಡದಲ್ಲಿ ಹೋಗಿ ನಿಲ್ಲಿ. ಶಾಂತವಾಗಿ ನಿಲ್ಲಿ, ಕಡಿಯಲು ಬಂದ ಕೂಲಿಯವನನ್ನು ಬೈಯಬೇಡಿ. ಅವನ ಹೊಟ್ಟೆಪಾಡು ಅದು.

ಮೂರನೆಯ ಮಾತೂ ನಿಮ್ಮ ಮನೆಯೊಳಗೇ ಇದೆ. ಕಾಡಿನ ಜನಕ್ಕೆ ಸೊಪ್ಪು ಹೇಗೋ ನಿಮಗೆ ನೀರು, ಕರೆಂಟು, ಕಾಗದ ಹಾಗೆ. ಉದುರಿದ ಎಲೆಯನ್ನು ಸುಡದೆ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಗೊಬ್ಬರ ಮಾಡಿ, ಚಾವಣಿಯ ಮಳೆನೀರನ್ನು ಸಂಪ್‌ಗೆ ಇಳಿಸಿ, ಓದಿ ಮುಗಿಸಿದ ಪುಸ್ತಕವನ್ನು ಕಿರಿಯರಿಗೆ ಕೊಡಿ. ಮದುವೆ ಮನೆಗಳ ಪ್ಲೈವುಡ್ ಮಂಟಪ, ಒಂದು ದಿನದ ಫ್ಲೆಕ್ಸ್, ಇವನ್ನು ಬೇಡವೆನ್ನುವ ಧೈರ್ಯ ಮನೆಯ ಹಿರಿಯರಿಗೆ ಇಲ್ಲದಿದ್ದರೆ ನೀವೇ ಹೇಳಿ. ಮಕ್ಕಳ ಮಾತನ್ನು ಹಿರಿಯರು ಕೇಳುತ್ತಾರೆ, ನಾನೂ ಕೇಳಿದ್ದೇನೆ.

ಸುಂದರಲಾಲ್ ಬಹುಗುಣರು 2021ರ ಮೇ 21ರಂದು ಕೋವಿಡ್‌ನಿಂದ ತೀರಿಕೊಂಡರು. ಸಾಲ್ಕಣಿಯಲ್ಲಿ ಮರ ಅಪ್ಪಿ ನಿಂತಿದ್ದ ಅಂದಿನ ಹುಡುಗರು ಈಗ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರು. ಅವರ ಕೈಯಿಂದ ಆ ಮಾತು ನಿಮ್ಮ ಕೈಗೆ ಬಂದಿದೆ. ನೋಟ್‌ಬುಕ್ಕು ಹಿಡಿದು ಮರಗಳ ಪಟ್ಟಿ ಮಾಡಲು ಯಾವ ಭಾನುವಾರ ಹೊರಡುತ್ತೀರೋ ಹೇಳಿ. ಟೇಪಿನ ಒಂದು ತುದಿ ಹಿಡಿದುಕೊಳ್ಳಲು ನಾನು ಬರುತ್ತೇನೆ. ನಮ್ಮ ಓಣಿಯಿಂದಲೇ ಶುರು ಮಾಡೋಣ.